ಏಳು ಕಿಲೋದೊಳಗೆ ಮೂರು ವಾರ: ಬ್ಯಾಗ್ ಕೊಳ್ಳುವ ಮೊದಲು

ಮಾನ್ಯ ಸಂಪಾದಕರೇ,

ರಜೆಯ ದಿನಗಳು ಹತ್ತಿರ ಬಂದಂತೆ ಬೆಳಗಾವಿಯ ಖಡೇಬಜಾರದಲ್ಲಿ 'ಕ್ಯಾಬಿನ್ ಸೈಜ್' ಎಂದು ಚೀಟಿ ಅಂಟಿಸಿದ ಬೆನ್ನಿಗೆ ಹಾಕುವ ಬ್ಯಾಗುಗಳು ಅಂಗಡಿಗಳ ಮುಂದೆ ಸಾಲಾಗಿ ತೂಗಾಡುತ್ತವೆ. ಮಗಳ ಮನೆಗೆ ತಿಂಗಳೊಪ್ಪತ್ತು ಇದ್ದು ಬರಲು ಹೊರಟ ಹಿರಿಯರು, ಕಾಶಿ, ಪ್ರಯಾಗ, ಅಯೋಧ್ಯೆ ಸುತ್ತಲು ಹೊರಟ ಗುಂಪು, ಮೂರು ವಾರ ಹೊರದೇಶ ನೋಡಿ ಬರಲು ಹೊರಟ ಹುಡುಗರು, ಎಲ್ಲರೂ ಅಂಗಡಿಯವರನ್ನು ಕೇಳುವ ಮೊದಲ ಪ್ರಶ್ನೆ ಒಂದೇ: 'ಎಷ್ಟು ಲೀಟರಿಂದು?' ಅಂಗಡಿಯವರೂ ಅದನ್ನೇ ಹೇಳುತ್ತಾರೆ. ಬ್ಯಾಗಿನ ಸ್ವಂತ ತೂಕ ಎಷ್ಟು, ತುಂಬಿದ ಮೇಲೆ ಹೊರಗಿನ ಅಳತೆ ಎಷ್ಟು ಎಂದು ಕೇಳುವವರು ಕಡಿಮೆ, ಹೇಳುವವರು ಇನ್ನೂ ಕಡಿಮೆ. ವಿಮಾನ ನಿಲ್ದಾಣದ ಕೌಂಟರ್ ಮುಂದೆ ಬ್ಯಾಗ್ ಬಿಚ್ಚಿ, ಅಂಗಿಯ ಮೇಲೆ ಅಂಗಿ ತೊಟ್ಟು, ಕೊನೆಗೆ ದುಡ್ಡು ಕಟ್ಟುವ ಫಜೀತಿ ಬರುವುದು ಈ ಎರಡು ಪ್ರಶ್ನೆ ಕೇಳದೆ ಇದ್ದುದರಿಂದ. ನಿಮ್ಮ ಪತ್ರಿಕೆಯ ಓದುಗರಿಗೆ ಉಪಯೋಗವಾಗಲೆಂದು, ಅಂಗಡಿಯವರೂ ಗಮನಿಸಲೆಂದು ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ತೂಕ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ದರ್ಜೆಯವರು ತಮ್ಮ ಜೊತೆ ಒಳಗೆ ಒಯ್ಯಬಹುದಾದದ್ದು ಒಂದು ಬ್ಯಾಗ್, 7 ಕಿಲೋ. ಖಾಲಿ ಬ್ಯಾಗಿನ ತೂಕವೂ ಆ 7 ಕಿಲೋದೊಳಗೇ ಬರುತ್ತದೆ. ಮಾರುಕಟ್ಟೆಯಲ್ಲಿರುವ 35ರಿಂದ 40 ಲೀಟರಿನ ಬ್ಯಾಗುಗಳ ತೂಕ 900 ಗ್ರಾಂನಿಂದ ಹಿಡಿದು 2 ಕಿಲೋ ದಾಟುವವರೆಗೂ ಇರುತ್ತದೆ. ಹಿಡಿಕೆ ಮತ್ತು ಗಾಲಿ ಎರಡೂ ಇರುವ 'ಟು ಇನ್ ಒನ್' ಬ್ಯಾಗುಗಳು ಎರಡೂವರೆ ಕಿಲೋ ಮೀರುವುದೂ ಉಂಟು. ಲೀಟರ್ ಲೆಕ್ಕದಲ್ಲಿ ಎಲ್ಲವೂ ಒಂದೇ, ತೂಕದಲ್ಲಿ ಮಾತ್ರ ಮೂರು ಪಟ್ಟು ಅಂತರ.

ಇದು ಎಷ್ಟು ದೊಡ್ಡ ಅಂತರ ಎಂದು ತಿಳಿಯಲು ಒಬ್ಬರ ಮೂರು ವಾರದ ಸಾಮಾನನ್ನು ಕಾಟಾದ ಮೇಲಿಟ್ಟು ನೋಡಬೇಕು. ಮೂರು ಅಂಗಿ ಇಲ್ಲವೆ ಕುರ್ತಾ 600 ಗ್ರಾಂ, ಹೆಚ್ಚುವರಿ ಪ್ಯಾಂಟ್ ಒಂದು 400, ನಾಲ್ಕು ಜೊತೆ ಒಳಉಡುಪು ಮತ್ತು ಕಾಲುಚೀಲ 350, ಸ್ವೆಟರ್ 400, ಮಳೆಯ ಜಾಕೆಟ್ 350, ಚಪ್ಪಲಿ 300, ತೆಳುವಾದ ಟವೆಲ್ 150, ಸೋಪು, ಬ್ರಷ್ಷು, ಔಷಧ ಸೇರಿ 600, ಚಾರ್ಜರ್, ಕೇಬಲ್, ಪವರ್ ಬ್ಯಾಂಕ್ 450, ಕಾಗದಪತ್ರ, ಕನ್ನಡಕ 300, ದಾರಿಯ ತಿನಿಸು 700. ಒಟ್ಟು 4 ಕಿಲೋ 600 ಗ್ರಾಂ. ಇದು ಕೈಬಿಗಿ ಹಿಡಿದು ಹಾಕಿದ ಲೆಕ್ಕ. ಬ್ಯಾಗ್ 1 ಕಿಲೋ 300 ಗ್ರಾಂ ಇದ್ದರೆ 5.9 ಕಿಲೋ ಆಯಿತು, ಬರುವಾಗ ಏನಾದರೂ ತರಲು ಒಂದು ಕಿಲೋದಷ್ಟು ಜಾಗ ಉಳಿಯಿತು. ಬ್ಯಾಗ್ 2 ಕಿಲೋದ್ದಾದರೆ ಉಳಿಯುವುದು 400 ಗ್ರಾಂ. 2.6 ಕಿಲೋದ ಗಾಲಿ ಬ್ಯಾಗಾದರೆ ಇದೇ ಸಾಮಾನಿಗೆ 7.2 ಕಿಲೋ, ಮನೆಯಿಂದ ಹೊರಡುವಾಗಲೇ ಮಿತಿ ದಾಟಿತು. ಲ್ಯಾಪ್‌ಟಾಪ್ ಬೇಕೆನ್ನುವವರು ಇನ್ನೂ ಒಂದೂವರೆ ಕಿಲೋ ಕೂಡಿಸಿಕೊಳ್ಳಬೇಕು. ಇಂಡಿಗೋದಂಥ ಸಂಸ್ಥೆ ಲ್ಯಾಪ್‌ಟಾಪ್ ಬ್ಯಾಗನ್ನೋ ಹೆಂಗಸರ ಪರ್ಸನ್ನೋ 3 ಕಿಲೋವರೆಗೆ ಬೇರೆಯಾಗಿ ಬಿಡುತ್ತದೆ, ಎಲ್ಲ ಕಡೆಯೂ ಹಾಗೆಯೇ ಇರುತ್ತದೆಂದು ನಂಬಿ ಕೂರಬಾರದು.

ಹಾಗಾಗಿ ನನ್ನ ಸಲಹೆ ನೇರ: ಖಾಲಿ ಬ್ಯಾಗ್ ಒಂದೂವರೆ ಕಿಲೋ ಮೀರಿದರೆ ಅದು ಎಷ್ಟೇ ಚೆಂದವಿರಲಿ, ಎಷ್ಟೇ ಕಿಸೆಗಳಿರಲಿ, ಕೆಳಗಿಡಿ. ಗಾಲಿಯ ಬಗ್ಗೆ ಒಂದು ಮಾತು. ನಯವಾದ ನೆಲದ ಮೇಲೆ ಗಾಲಿ ಸುಖ. ಕಾಶಿಯ ಘಾಟುಗಳ ಮೆಟ್ಟಿಲ ಮೇಲೆ, ರೈಲ್ವೆ ಮೇಲ್ಸೇತುವೆಯ ಮೇಲೆ, ಫುಟ್‌ಪಾತ್ ಇಲ್ಲದ ನಮ್ಮ ಗಲ್ಲಿಗಳಲ್ಲಿ ಗಾಲಿಯ ಬ್ಯಾಗನ್ನು ಎತ್ತಿಕೊಂಡೇ ನಡೆಯಬೇಕಾಗುತ್ತದೆ.

ಇನ್ನು ಅಳತೆ. ಇಂಡಿಗೋ ಹೇಳುವುದು 55, 35, 25 ಸೆಂಟಿಮೀಟರ್. ಏರ್ ಇಂಡಿಯಾ ಹೇಳುವುದು 55, 40, 20. ಎರಡರ ಮೊತ್ತವೂ 115, ಆದರೆ ಆಕಾರ ಬೇರೆ. 25 ದಪ್ಪದ ಬ್ಯಾಗ್ ಒಂದು ಕಡೆ ಸಲೀಸಾಗಿ ಹೋಗುತ್ತದೆ, ಇನ್ನೊಂದು ಕಡೆ ಸಿಕ್ಕಿಬೀಳುತ್ತದೆ. 40 ಅಗಲದ್ದು ಇದಕ್ಕೆ ಉಲ್ಟಾ. ಹೋಗುವಾಗ ಒಂದು ಸಂಸ್ಥೆ, ಬರುವಾಗ ಇನ್ನೊಂದು ಎಂಬುದು ಈಗ ಸಾಮಾನ್ಯವಾದ್ದರಿಂದ ಎರಡಕ್ಕೂ ಒಗ್ಗುವ ಅಳತೆಯನ್ನೇ ಹಿಡಿಯಬೇಕು. ಅದು 55, 35, 20. ಗುಣಿಸಿದರೆ 38,500 ಘನ ಸೆಂಟಿಮೀಟರ್, ಅಂದರೆ ಮೂವತ್ತೆಂಟೂವರೆ ಲೀಟರ್. ಬ್ಯಾಗಿನ ಮೂಲೆಗಳು ದುಂಡಗಿರುತ್ತವೆ, ಬೆನ್ನಿನ ಮೆತ್ತೆಗೂ ಜಾಗ ಬೇಕು. ಅದನ್ನೆಲ್ಲ ಕಳೆದರೆ ನಿಜವಾಗಿ ಸಿಗುವುದು 33ರಿಂದ 36 ಲೀಟರ್. '45 ಲೀಟರ್ ಕ್ಯಾಬಿನ್ ಬ್ಯಾಗ್' ಎಂದು ಬರೆದದ್ದನ್ನು ಪೂರ್ತಿ ತುಂಬಿಸಿದರೆ 20 ಸೆಂಟಿಮೀಟರ್ ದಪ್ಪದೊಳಗೆ ಅದು ನಿಲ್ಲಲು ಸಾಧ್ಯವೇ ಇಲ್ಲ.

ಚೀಟಿಯ ಮೇಲಿನ ಅಳತೆ ಬಹಳ ಸಲ ಖಾಲಿ ಬ್ಯಾಗಿನದು. ತುಂಬಿದ ಮೇಲೆ ಮುಂದಿನ ಕಿಸೆ ಹೊಟ್ಟೆಯಂತೆ ಉಬ್ಬುತ್ತದೆ, ಅಲ್ಲೇ ಐದಾರು ಸೆಂಟಿಮೀಟರ್ ಹೋಗುತ್ತದೆ. ಹಿಡಿಕೆ, ಗಾಲಿ, ಬದಿಗೆ ಸಿಕ್ಕಿಸಿದ ನೀರಿನ ಬಾಟಲಿ ಎಲ್ಲವೂ ಅಳತೆಯಲ್ಲಿ ಸೇರುತ್ತವೆ. ಮನೆಯಲ್ಲಿ ಇದನ್ನು ನೋಡಿಕೊಳ್ಳುವುದು ಬಹಳ ಸುಲಭ. ಕೋಣೆಯ ಒಂದು ಮೂಲೆ ಆರಿಸಿ. ಮೂಲೆಯಿಂದ ಒಂದು ಗೋಡೆಗುಂಟ 35 ಸೆಂಟಿಮೀಟರ್, ಇನ್ನೊಂದು ಗೋಡೆಗುಂಟ 20 ಸೆಂಟಿಮೀಟರ್ ಅಳೆದು ನೆಲದ ಮೇಲೆ ಸೀಮೆಸುಣ್ಣದಿಂದ ಚೌಕ ಎಳೆಯಿರಿ. ಗೋಡೆಯ ಮೇಲೆ 55ಕ್ಕೆ ಒಂದು ಗೆರೆ. ತುಂಬಿದ ಬ್ಯಾಗನ್ನು ಮೂಲೆಗೆ ಒತ್ತಿ ನಿಲ್ಲಿಸಿ, ಮುಂದಿನಿಂದ ಒಂದು ರಟ್ಟನ್ನು ನೆಟ್ಟಗೆ ಹಿಡಿದು ಗೆರೆಯ ತನಕ ತಳ್ಳಿ. ಕೈಯಿಂದ ಮೆಲ್ಲಗೆ ಒತ್ತಿದಾಗ ರಟ್ಟು ಗೆರೆ ಮುಟ್ಟಿದರೆ ಸರಿ. ಮೊಣಕಾಲು ಕೊಟ್ಟು ಒತ್ತಬೇಕಾದರೆ ವಿಮಾನ ನಿಲ್ದಾಣದ ಕಬ್ಬಿಣದ ಚೌಕಟ್ಟಿನಲ್ಲಿ ಅದು ಇಳಿಯುವುದಿಲ್ಲ.

ಸುತ್ತಲೂ ಇನ್ನೊಂದು ಜಿಪ್ ಇದ್ದು, ಅದನ್ನು ಬಿಚ್ಚಿದರೆ ಬ್ಯಾಗ್ ಇನ್ನಷ್ಟು ಹಿಗ್ಗುವ ವ್ಯವಸ್ಥೆಯನ್ನು ಅಂಗಡಿಯವರು ಬಹಳ ಹೊಗಳುತ್ತಾರೆ. ಹೋಗುವಾಗ ಮುಚ್ಚಿಯೇ ಇರುತ್ತದೆ, ಬರುವಾಗ ಖರೀದಿಯೆಲ್ಲ ಅದರೊಳಗೆ ಹೋಗುತ್ತದೆ, ದಪ್ಪ 28-30 ಸೆಂಟಿಮೀಟರ್ ಆಗುತ್ತದೆ. ತೂಕವೂ ಆಗಲೇ ಏರುವುದು. ಆ ಜಿಪ್ಪಿಗಿಂತ ಎರಡೂ ಬದಿಗೆ ಮೇಲೊಂದು ಕೆಳಗೊಂದು ಬಿಗಿಪಟ್ಟಿ ಇರುವ ಬ್ಯಾಗ್ ಒಳ್ಳೆಯದು. ಸಾಮಾನು ಕಡಿಮೆ ಇದ್ದಾಗ ಎಳೆದು ಬಿಗಿದರೆ ಒಳಗೆ ಏನೂ ಅಲುಗುವುದಿಲ್ಲ, ಬ್ಯಾಗ್ ಚಪ್ಪಟೆಯಾಗಿ ಬೆನ್ನಿಗೆ ಅಂಟಿಕೊಳ್ಳುತ್ತದೆ.

ನಮ್ಮ ಭಾಗದವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ದೊಡ್ಡ ಊರುಗಳ ನಡುವೆ ಹಾರುವ ವಿಮಾನಗಳಿಗೂ ನಮ್ಮ ಕಡೆಯ ಸಣ್ಣ ನಿಲ್ದಾಣಗಳಿಗೆ ಬರುವ ಸಣ್ಣ ವಿಮಾನಗಳಿಗೂ ವ್ಯತ್ಯಾಸವಿದೆ. ಎಂಬ್ರೇಯರ್ 145ರಲ್ಲಿ ನಡುದಾರಿಯ ಒಂದು ಬದಿಗೆ ಒಂದು ಸೀಟು, ಇನ್ನೊಂದು ಬದಿಗೆ ಎರಡು. ತಲೆಯ ಮೇಲಿನ ಸಾಮಾನಿನ ಗೂಡು ಎರಡು ಸೀಟಿನ ಬದಿಗಷ್ಟೇ. ಎಟಿಆರ್ ವಿಮಾನದ ಗೂಡುಗಳೂ ಚಿಕ್ಕವು. ನಿಯಮದ ಅಳತೆಯೊಳಗೇ ಇರುವ ಗಟ್ಟಿ ಪೆಟ್ಟಿಗೆ ಕೂಡ ಅಲ್ಲಿ ಹಿಡಿಯದೆ, ವಿಮಾನದ ಬಾಗಿಲಲ್ಲೇ ತೆಗೆದುಕೊಂಡು ಕೆಳಗಿನ ಸಾಮಾನು ಕೋಣೆಗೆ ಹಾಕುವುದುಂಟು. ಮೆತ್ತನೆಯ, 20 ಸೆಂಟಿಮೀಟರ್ ದಪ್ಪದ ಬ್ಯಾಗ್ ಆದರೆ ಗೂಡಿನಲ್ಲೋ ಮುಂದಿನ ಸೀಟಿನ ಕೆಳಗೋ ತುರುಕಲು ಅವಕಾಶ ಹೆಚ್ಚು. ಬಾಗಿಲಲ್ಲಿ ಬ್ಯಾಗ್ ಕೊಡಬೇಕಾಗಿ ಬಂದರೆ ಪವರ್ ಬ್ಯಾಂಕ್, ಔಷಧ, ಪಾಸ್‌ಪೋರ್ಟ್, ದುಡ್ಡು ಇಷ್ಟನ್ನು ಮೊದಲು ಹೊರತೆಗೆಯಬೇಕು. ಪವರ್ ಬ್ಯಾಂಕಿನ ಲಿಥಿಯಂ ಬ್ಯಾಟರಿ ಕೆಳಗಿನ ಕೋಣೆಯಲ್ಲಿ ಹೊತ್ತಿಕೊಂಡರೆ ಆರಿಸಲು ಅಲ್ಲಿ ಯಾರೂ ಇರುವುದಿಲ್ಲ, ಅದಕ್ಕೇ ಅದನ್ನು ಕೆಳಗೆ ಹಾಕಲು ಬಿಡುವುದಿಲ್ಲ. ಇವೆಲ್ಲವನ್ನೂ ಒಂದು ಚಿಕ್ಕ ಬಟ್ಟೆಯ ಚೀಲದಲ್ಲಿ ಹಾಕಿ ಬ್ಯಾಗಿನ ಮೇಲ್ಭಾಗದಲ್ಲೇ ಇಟ್ಟಿದ್ದರೆ ಅರ್ಧ ನಿಮಿಷದ ಕೆಲಸ.

ಹೊರದೇಶಕ್ಕೆ ಹೋಗುವವರು ಪ್ರತಿ ವಿಮಾನ ಸಂಸ್ಥೆಯ ನಿಯಮವನ್ನೂ ಟಿಕೆಟ್ ಮಾಡಿಸುವ ದಿನವೇ ನೋಡಬೇಕು. ಏರ್‌ಏಷ್ಯಾದಲ್ಲಿ ದೊಡ್ಡ ಬ್ಯಾಗ್, ಸಣ್ಣ ಬ್ಯಾಗ್ ಎರಡೂ ಸೇರಿ 7 ಕಿಲೋ. ಲುಫ್ತಾನ್ಸಾ 8 ಕಿಲೋ ಬಿಡುತ್ತದೆ. ಯುರೋಪಿನೊಳಗೆ ಅಗ್ಗದ ದರದಲ್ಲಿ ಹಾರಿಸುವ ರಯಾನ್‌ಏರ್ ಪುಕ್ಕಟೆ ಬಿಡುವುದು 40, 30, 20 ಸೆಂಟಿಮೀಟರಿನ ಬ್ಯಾಗನ್ನು ಮಾತ್ರ, ಅಂದರೆ 24 ಲೀಟರ್. ನಮ್ಮ 36 ಲೀಟರಿನದಕ್ಕೆ ಅಲ್ಲಿ ಬೇರೆ ದುಡ್ಡು. ಅದನ್ನು ಟಿಕೆಟ್ ಜೊತೆಗೇ ಕಟ್ಟುವುದಕ್ಕೂ ಗೇಟಿನಲ್ಲಿ ಕಟ್ಟುವುದಕ್ಕೂ ಅಜಗಜಾಂತರ.

ಬೆನ್ನಿಗೆ ಕೂರುವ ವಿಷಯಕ್ಕೆ ಬರೋಣ. ತುಂಬಿದ ಕೊಡವನ್ನು ಕೈಯಲ್ಲಿ ತೂಗಿಸಿಕೊಂಡು ನಡೆಯುವುದಕ್ಕೂ ಟೊಂಕದ ಮೇಲಿಟ್ಟುಕೊಂಡು ನಡೆಯುವುದಕ್ಕೂ ಇರುವ ವ್ಯತ್ಯಾಸವೇ ಸೊಂಟಪಟ್ಟಿ ಇಲ್ಲದ ಬ್ಯಾಗಿಗೂ ಇರುವ ಬ್ಯಾಗಿಗೂ ಇದೆ. ಆದರೆ ಸೊಂಟಪಟ್ಟಿ ಹೆಸರಿಗೆ ಇದ್ದರೆ ಸಾಲದು. ಭಾರ ಹೆಗಲಿನಿಂದ ಟೊಂಕಕ್ಕೆ ಇಳಿಯಬೇಕಾದರೆ ಬೆನ್ನಿನ ಭಾಗದಲ್ಲಿ ಬಾಗದ ಏನಾದರೂ ಇರಬೇಕು: ಒಂದು ಅಲ್ಯೂಮಿನಿಯಂ ಪಟ್ಟಿ, ಇಲ್ಲವೆ ಗಟ್ಟಿ ಪ್ಲಾಸ್ಟಿಕ್ ಹಾಳೆ. ಬ್ಯಾಗಿನ ಮೇಲಿನ ಹಿಡಿಕೆಯನ್ನು ಒಂದು ಕೈಯಲ್ಲಿ, ತಳವನ್ನು ಇನ್ನೊಂದು ಕೈಯಲ್ಲಿ ಹಿಡಿದು ಎರಡನ್ನೂ ಒಂದರತ್ತ ಒಂದು ಒತ್ತಿ ನೋಡಿ. ಮಡಚಿಕೊಂಡು ಬಂದರೆ ಆ ಬ್ಯಾಗಿನ ಸೊಂಟಪಟ್ಟಿ ಅಲುಗಾಟ ತಡೆಯುತ್ತದೆ ಅಷ್ಟೇ, ಭಾರ ಹೊರುವುದಿಲ್ಲ. 7 ಕಿಲೋಗೆ ಪ್ಲಾಸ್ಟಿಕ್ ಹಾಳೆ ಸಾಕು, ಅಲ್ಯೂಮಿನಿಯಂ ಚೌಕಟ್ಟು 10 ಕಿಲೋ ಮೀರಿದ ಹೊರೆಗೆ ಬೇಕಾಗುವಂಥದ್ದು. ಬೆನ್ನಿಗೂ ಬ್ಯಾಗಿಗೂ ನಡುವೆ ಗಾಳಿಯಾಡಲೆಂದು ಜಾಳಿಗೆ ಬಿಗಿದ ಬ್ಯಾಗುಗಳು ವಿಜಯಪುರದ ಬಿಸಿಲಿಗೆ ಹಿತವೆನಿಸುತ್ತವೆ ನಿಜ, ಆದರೆ ಆ ಜಾಳಿಗೆಗೇ ನಾಲ್ಕು ಸೆಂಟಿಮೀಟರ್ ಹೋಗುತ್ತದೆ, ಭಾರವೂ ಬೆನ್ನಿನಿಂದ ಅಷ್ಟು ದೂರ ಸರಿಯುತ್ತದೆ. 20 ಸೆಂಟಿಮೀಟರಿನಲ್ಲಿ ನಾಲ್ಕು ಬಿಟ್ಟುಕೊಡುವುದು ಬೇಡ. ನಡುವೆ ಗಾಳಿಗೆ ಕಾಲುವೆ ಬಿಟ್ಟ ಮೆತ್ತೆ ಇದ್ದರೆ ಸಾಕು.

ಬೆನ್ನಿನ ಉದ್ದ ಅಳೆಯುವುದನ್ನು ನಮ್ಮಲ್ಲಿ ಯಾರೂ ಮಾಡುವುದಿಲ್ಲ, ಮಾಡಲೇಬೇಕು. ತಲೆ ಬಾಗಿಸಿದಾಗ ಕುತ್ತಿಗೆಯ ಬುಡದಲ್ಲಿ ಒಂದು ಎಲುಬು ಉಬ್ಬಿ ಕಾಣುತ್ತದೆ. ಟೊಂಕದ ಮೇಲೆ ಎರಡೂ ಕೈ ಇಟ್ಟು ಹೆಬ್ಬೆರಳುಗಳನ್ನು ಹಿಂದಕ್ಕೆ ಚಾಚಿದರೆ ಸೊಂಟದ ಎಲುಬಿನ ಮೇಲಂಚು ಸಿಗುತ್ತದೆ. ಈ ಎರಡರ ನಡುವಿನ ಅಂತರವನ್ನು ಟೇಪಿನಿಂದ ಇನ್ನೊಬ್ಬರು ಅಳೆಯಬೇಕು. ಆಳು ಎತ್ತರವಿದ್ದ ಮಾತ್ರಕ್ಕೆ ಬೆನ್ನು ಉದ್ದ ಇರಬೇಕೆಂದಿಲ್ಲ. ಒಂದೇ ಸೈಜಿನಲ್ಲಿ ಬರುವ ಬ್ಯಾಗುಗಳು ಸಾಮಾನ್ಯವಾಗಿ 43ರಿಂದ 50 ಸೆಂಟಿಮೀಟರ್ ಬೆನ್ನಿಗೆ ಹೊಂದುತ್ತವೆ. ಅದಕ್ಕಿಂತ ಗಿಡ್ಡ ಬೆನ್ನಿನವರಿಗೆ, ಹೆಚ್ಚಾಗಿ ಹೆಂಗಸರಿಗೆ, ಸೊಂಟಪಟ್ಟಿ ಎಲುಬಿನ ಕೆಳಗೆ ಇಳಿದು ತೊಡೆಗೆ ತಾಗುತ್ತದೆ, ಹೆಗಲಪಟ್ಟಿ ಹೆಗಲಿನಿಂದ ಎದ್ದು ನಿಲ್ಲುತ್ತದೆ. ಅಂಥವರು ಹೆಗಲಪಟ್ಟಿಯನ್ನು ಮೇಲೆ ಕೆಳಗೆ ಸರಿಸಲು ಬರುವ ಬ್ಯಾಗನ್ನೇ ಹುಡುಕಬೇಕು.

ಅಂಗಡಿಯಲ್ಲಿ ಖಾಲಿ ಬ್ಯಾಗ್ ಹೆಗಲಿಗೆ ಹಾಕಿ ಕನ್ನಡಿ ನೋಡಿದರೆ ಏನೂ ತಿಳಿಯುವುದಿಲ್ಲ. ಹೋಗುವಾಗ ಒಂದು ಲೀಟರಿನ ನೀರಿನ ಬಾಟಲಿ ಐದು ಒಯ್ಯಿರಿ, 5 ಕಿಲೋ ಆಯಿತು. ಎರಡು ಟವೆಲ್ ಸುತ್ತಿ ಅವುಗಳನ್ನು ಬ್ಯಾಗಿನಲ್ಲಿಡಿ. ಎಲ್ಲ ಪಟ್ಟಿಗಳನ್ನೂ ಸಡಿಲಿಸಿ ಹೆಗಲಿಗೇರಿಸಿ, ಮೊದಲು ಸೊಂಟದ ಬಕಲ್ ಹಾಕಿ ಬಿಗಿಯಿರಿ, ಆಮೇಲೆ ಹೆಗಲಪಟ್ಟಿ, ಕೊನೆಗೆ ಎದೆಯ ಪಟ್ಟಿ. ಕಾಲು ಗಂಟೆ ಅಂಗಡಿಯಲ್ಲೇ ಅಡ್ಡಾಡಿ, ಮೆಟ್ಟಿಲಿದ್ದರೆ ಹತ್ತಿ ಇಳಿಯಿರಿ. ಕುತ್ತಿಗೆಯ ಪಕ್ಕ ಉರಿ, ಕಂಕುಳಲ್ಲಿ ತಿಕ್ಕಾಟ, ಬೆನ್ನಿಗೆ ಏನೋ ಚುಚ್ಚುವುದು ಇವು ಆ ಕಾಲು ಗಂಟೆಯಲ್ಲೇ ಗೊತ್ತಾಗುತ್ತವೆ. ಇದಕ್ಕೆ ಬೇಸರಿಸುವ ಅಂಗಡಿಯಲ್ಲಿ ಬ್ಯಾಗ್ ಕೊಳ್ಳಬೇಡಿ.

ಬಾಯಿ ತೆರೆಯುವ ರೀತಿಯಲ್ಲೂ ಆಯ್ಕೆ ಇದೆ. ಮೇಲಿನಿಂದ ಮಾತ್ರ ತೆರೆಯುವ ಬ್ಯಾಗ್ ಚಾರಣಕ್ಕೆ ಸರಿ. ದಿನಕ್ಕೊಂದು ಊರು, ದಿನಕ್ಕೊಂದು ಲಾಡ್ಜ್ ಎಂದಾಗ ಸೂಟ್‌ಕೇಸಿನಂತೆ ಮೂರು ಕಡೆ ಜಿಪ್ ಬಿಚ್ಚಿ ಪೂರ್ತಿ ತೆರೆದುಕೊಳ್ಳುವುದೇ ಬೇಕು, ಇಲ್ಲದಿದ್ದರೆ ತಳದಲ್ಲಿರುವ ಒಂದು ಕಾಲುಚೀಲಕ್ಕೆ ಇಡೀ ಬ್ಯಾಗ್ ಸುರಿಯಬೇಕಾಗುತ್ತದೆ. ಲ್ಯಾಪ್‌ಟಾಪ್ ಇಡುವ ಜಾಗ ಬೆನ್ನಿಗೆ ಹತ್ತಿರ ಇರಬೇಕು, ಹೊರಗಿನಿಂದಲೇ ತೆಗೆಯಲು ಬರಬೇಕು. ಭದ್ರತಾ ತಪಾಸಣೆಯಲ್ಲಿ ಅದನ್ನು ಟ್ರೇಗೆ ಹಾಕಲು ಬೇರೆ ಏನನ್ನೂ ಬಿಚ್ಚಬೇಕಾಗುವುದಿಲ್ಲ. ಆ ಕಿಸೆಯ ತಳಕ್ಕೆ ಕೈ ಹಾಕಿ ನೋಡಿ: ಬ್ಯಾಗಿನ ತಳಕ್ಕಿಂತ ಎರಡು ಬೆರಳು ಮೇಲೆಯೇ ಅದು ನಿಂತಿರಬೇಕು. ನೆಲಕ್ಕೆ ತಾಗುವಂತಿದ್ದರೆ ಬ್ಯಾಗನ್ನು ಒಮ್ಮೆ ಧಪ್ಪನೆ ಇಟ್ಟರೂ ಪೆಟ್ಟು ಲ್ಯಾಪ್‌ಟಾಪಿನ ಮೂಲೆಗೇ ಬೀಳುತ್ತದೆ.

ಬಟ್ಟೆಯ ವಿಷಯದಲ್ಲಿ ನಮ್ಮ ಜನರಿಗೆ ಹೊರಗಿನವರು ಹೇಳಿಕೊಡಬೇಕಾದದ್ದು ಕಡಿಮೆ. ಇಳಕಲ್ಲು, ಗುಳೇದಗುಡ್ಡ, ರಬಕವಿ-ಬನಹಟ್ಟಿಯ ನೇಕಾರರು ರೇಷ್ಮೆಯಂಥ ನೂಲನ್ನು ಡೆನಿಯರ್ ಲೆಕ್ಕದಲ್ಲೇ ಕೊಳ್ಳುವವರು: 9,000 ಮೀಟರ್ ಎಳೆಯ ತೂಕ ಎಷ್ಟು ಗ್ರಾಮೋ ಅಷ್ಟು ಡೆನಿಯರ್. ಬ್ಯಾಗಿನ ಚೀಟಿಯ ಮೇಲಿನ 'ಡಿ' ಅದೇ. 600 ಡಿ ಪಾಲಿಯೆಸ್ಟರ್ ಅಗ್ಗದ್ದು, ತಕ್ಕಮಟ್ಟಿಗೆ ಬಾಳುತ್ತದೆ. 1680 ಡಿ ಬಹಳ ಗಟ್ಟಿ, ಅಷ್ಟೇ ಭಾರ. ಅಂಗಡಿಯವರು ದೊಡ್ಡ ಅಂಕಿಯನ್ನೇ ಒಳ್ಳೆಯದೆಂದು ತೋರಿಸುತ್ತಾರೆ, 7 ಕಿಲೋದ ಪ್ರಯಾಣಕ್ಕೆ ಅದು ಬೇಕಿಲ್ಲ. ಮೈಗೆ 210 ಡಿ ನೈಲಾನ್, ತಳಕ್ಕೆ ಮಾತ್ರ 420 ಡಿ ಅಥವಾ ಅದಕ್ಕಿಂತ ದಪ್ಪ, ಇದು ತೂಕಕ್ಕೂ ಬಾಳಿಕೆಗೂ ಹೊಂದುವ ಜೋಡಿ. ಅದೇ ಡೆನಿಯರಿನಲ್ಲಿ ಪಾಲಿಯೆಸ್ಟರಿಗಿಂತ ನೈಲಾನ್ ತಿಕ್ಕಾಟ ತಾಳುತ್ತದೆ. ಬಟ್ಟೆಯಲ್ಲಿ ಸಣ್ಣ ಚೌಕಳಿ ಕಂಡರೆ ಅದು ಹರಿಯುವುದನ್ನು ತಡೆಯಲು ನಡುನಡುವೆ ದಪ್ಪ ಎಳೆ ಸೇರಿಸಿ ನೇಯ್ದದ್ದು. ಒಂದು ಕಡೆ ತೂತು ಬಿದ್ದರೂ ಆ ಚೌಕ ದಾಟಿ ಸುಲಭಕ್ಕೆ ಹರಿಯುವುದಿಲ್ಲ.

ಒಳಮೈಗೆ ಹಚ್ಚಿದ ಪಾಲಿಯುರೆಥೇನ್ ಲೇಪವೇ ನೀರು ತಡೆಯುವುದು. ಬ್ಯಾಗನ್ನು ಹಸಿ ಇದ್ದಾಗಲೇ ಪ್ಲಾಸ್ಟಿಕ್ ಹೊದಿಸಿ ಅಟ್ಟಕ್ಕೆಸೆದರೆ ಸೆಕೆ ಮತ್ತು ತೇವಕ್ಕೆ ಈ ಲೇಪ ಕೊಳೆತು ಜಿಗುಟಾಗುತ್ತದೆ, ಆಮೇಲೆ ಸಿಪ್ಪೆಯಂತೆ ಉದುರುತ್ತದೆ, ವಾಸನೆಯೂ ಬರುತ್ತದೆ. ಹಾಗಾದ ಮೇಲೆ ದುರಸ್ತಿ ಇಲ್ಲ. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಹಳೆಯ ಮಾಲಿನಲ್ಲೂ ಇದು ಶುರುವಾಗಿರಬಹುದು. ರಿಯಾಯಿತಿಯಲ್ಲಿ ಕೊಳ್ಳುವಾಗ ಒಳಮೈಯನ್ನು ಬೆರಳಿಂದ ಉಜ್ಜಿ ನೋಡಿ, ಬೆರಳಿಗೆ ಅಂಟಿದರೆ ಬೇಡ.

ಬ್ಯಾಗ್ ಸಾಯುವುದು ಬಟ್ಟೆ ಹರಿದು ಅಲ್ಲ, ಹೆಚ್ಚಾಗಿ ಜಿಪ್ ಹೋಗಿ. ಆದ್ದರಿಂದ ಹೆಚ್ಚು ಹೊತ್ತು ನೋಡಬೇಕಾದದ್ದು ಜಿಪ್ಪನ್ನೇ. ರನ್ನರಿನ ಹಿಂಬದಿ ತಿರುಗಿಸಿ ನೋಡಿದರೆ 5, 8, 10 ಎಂದು ಅಂಕಿ ಇರುತ್ತದೆ. ಮುಚ್ಚಿದ ಹಲ್ಲಿನ ಸಾಲು ಸುಮಾರು ಎಷ್ಟು ಮಿಲಿಮೀಟರ್ ಅಗಲ ಎಂಬುದರ ಸೂಚನೆ ಅದು. ಮುಖ್ಯ ಬಾಯಿಗೆ 8 ಅಥವಾ 10 ಇರಬೇಕು, ಹೊರಗಿನ ಸಣ್ಣ ಕಿಸೆಗೆ 5 ನಡೆಯುತ್ತದೆ. ಮುಖ್ಯ ಬಾಯಿಗೂ 5 ಹಾಕಿದ್ದರೆ ಅಲ್ಲಿ ಉಳಿತಾಯ ಮಾಡಿದ್ದಾರೆ ಎಂದರ್ಥ. ಬ್ಯಾಗ್ ತುಂಬಿಸಿ, ಒಂದೇ ಕೈಯಿಂದ ರನ್ನರ್ ಎಳೆದು ಮೂಲೆ ದಾಟಿಸಿ. ಚೂಪಾಗಿ ತಿರುಗುವ ಮೂಲೆಯಲ್ಲಿ ಅದು ತಡೆಯುತ್ತದೆ, ನಾವು ಜಗ್ಗುತ್ತೇವೆ, ಹಲ್ಲು ಅಲ್ಲೇ ಬಿಡುತ್ತದೆ. ಮೂಲೆ ದುಂಡಗಿದ್ದಷ್ಟೂ ಒಳ್ಳೆಯದು. ಒಳಗಿನ ಅಸ್ತರಿ ಬಟ್ಟೆ ಜಿಪ್ಪಿಗೆ ಬಹಳ ಹತ್ತಿರ ಇದ್ದರೆ ರನ್ನರಿಗೆ ಸಿಕ್ಕಿಕೊಳ್ಳುತ್ತಲೇ ಇರುತ್ತದೆ, ಅದನ್ನೂ ಆಗಲೇ ನೋಡಿಕೊಳ್ಳಿ.

ನಮ್ಮ ಬಯಲುಸೀಮೆಯ ಧೂಳು ಜಿಪ್ಪಿನ ಶತ್ರು. ಸಣ್ಣ ಮರಳು ಹಲ್ಲಿನ ನಡುವೆ ಕೂತು ರನ್ನರಿನ ಒಳಭಾಗವನ್ನು ಸವೆಸುತ್ತದೆ, ಸವೆದ ರನ್ನರ್ ಮುಂದೆ ಹೋದರೂ ಹಿಂದೆ ಹಲ್ಲು ಕೂಡುವುದಿಲ್ಲ. ಜನ ಆಗ 'ಜಿಪ್ ಹೋಯಿತು' ಎಂದು ಬ್ಯಾಗನ್ನೇ ಮೂಲೆಗೆಸೆಯುತ್ತಾರೆ. ಹಲ್ಲು ಸರಿಯಿದ್ದು ರನ್ನರ್ ಮಾತ್ರ ಸವೆದಿರುವುದೇ ಹೆಚ್ಚು. ಇಕ್ಕಳದಿಂದ ರನ್ನರಿನ ಎರಡೂ ಬದಿಯನ್ನು ಒಂದೊಂದಾಗಿ, ಬಹಳ ಮೆಲ್ಲಗೆ, ಕೂದಲೆಳೆಯಷ್ಟು ಒತ್ತಿದರೆ ಪ್ರಯಾಣ ಮುಗಿಯುವ ತನಕ ನಡೆಯುತ್ತದೆ. ಊರಿಗೆ ಬಂದ ಮೇಲೆ ಬ್ಯಾಗ್ ರಿಪೇರಿಯವರಲ್ಲಿ ಅದೇ ನಂಬರಿನ ಹೊಸ ರನ್ನರ್ ಹಾಕಿಸಿ, ಜಿಪ್ ಪೂರ್ತಿ ಬದಲಿಸುವ ಖರ್ಚು ಬೇಕಿಲ್ಲ. ವಾರಕ್ಕೊಮ್ಮೆ ಹಳೆಯ ಟೂತ್‌ಬ್ರಷ್ಷಿನಿಂದ ಹಲ್ಲು ಉಜ್ಜಿ, ಗಟ್ಟಿಯಾದಾಗ ಮೇಣದಬತ್ತಿ ಸವರಿ. ಎಣ್ಣೆ ಹಚ್ಚಬಾರದು, ಧೂಳು ಇನ್ನಷ್ಟು ಹಿಡಿಯುತ್ತದೆ.

ಹೊಲಿಗೆಯಲ್ಲಿ ನೋಡಬೇಕಾದದ್ದು ಹೆಗಲಪಟ್ಟಿ ಬ್ಯಾಗಿಗೆ ಸೇರುವ ಜಾಗ, ಮೇಲೆ ಎರಡು, ಕೆಳಗೆ ಎರಡು. ಅಲ್ಲಿ ಒತ್ತೊತ್ತಾಗಿ ಅಡ್ಡ ಹೊಲಿಗೆ ಇರಬೇಕು, ಇಲ್ಲವೆ ಚೌಕದೊಳಗೆ ಗುಣಾಕಾರ ಚಿಹ್ನೆಯಂಥ ಹೊಲಿಗೆ ಇರಬೇಕು. ಒಂದೇ ನೇರ ಹೊಲಿಗೆ ಹಾಕಿ ಬಿಟ್ಟಿದ್ದರೆ ಮೊದಲು ಕಿತ್ತು ಬರುವುದು ಅದೇ. ಬ್ಯಾಗನ್ನು ಒಳಗುಹೊರಗು ಮಾಡಿ ನೋಡಿ, ಹೊಲಿಗೆಯ ಅಂಚುಗಳಿಗೆ ಪಟ್ಟಿ ಕಟ್ಟಿರಬೇಕು. ಬಿಚ್ಚಂಚಿನ ನೈಲಾನ್ ನಾರುನಾರಾಗಿ ಬಿಡುತ್ತ ಹೊಲಿಗೆಯ ತನಕ ಬರುತ್ತದೆ. ಬಕಲ್ ಬಗ್ಗೆ ಇಷ್ಟೇ: ಪ್ರಮಾಣಿತ ಅಳತೆಯದು, 20 ಅಥವಾ 25 ಮಿಲಿಮೀಟರ್ ಪಟ್ಟಿಯದು ಇದ್ದರೆ ಮುರಿದಾಗ ಎಲ್ಲಿ ಬೇಕಾದರೂ ಸಿಗುತ್ತದೆ.

ಮಳೆಗೆ ಬ್ಯಾಗಿನ ಜೊತೆ ಕೊಡುವ ಹೊದಿಕೆಯನ್ನೇ ನಂಬಬಾರದು. ಅದು ಮುಂದನ್ನು ಮುಚ್ಚುತ್ತದೆ, ಬೆನ್ನಿನ ಕಡೆ ತೆರೆದೇ ಇರುತ್ತದೆ. ಆಷಾಢದಲ್ಲಿ ಬೆಳಗಾವಿಯ ಗಾಳಿಮಳೆಗೆ ಸಿಕ್ಕವರಿಗೆ ಗೊತ್ತು, ನೀರು ಕುತ್ತಿಗೆಯಿಂದ ಇಳಿದು ಬೆನ್ನಗುಂಟ ಹರಿದು ಒಳಸೇರುತ್ತದೆ. ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಬ್ಯಾಗಿನ ಒಳಗೇ ಇಟ್ಟು, ಬಟ್ಟೆಯೆಲ್ಲ ಅದರಲ್ಲಿ ಹಾಕಿ ಬಾಯಿ ಹೊಸೆದು ಮಡಚಿದರೆ ಸಾಕು.

ಮೂರು ವಾರಕ್ಕೂ ಒಂದು ವಾರಕ್ಕೂ ಬಟ್ಟೆ ಅಷ್ಟೇ ಎಂಬುದನ್ನು ಒಪ್ಪಿಕೊಳ್ಳದಿದ್ದರೆ ಯಾವ ಬ್ಯಾಗೂ ಸಾಲದು. ಮೂರು ದಿನಕ್ಕೊಮ್ಮೆ ಒಗೆಯಬೇಕು. ಒಗೆದದ್ದನ್ನು ಹಿಂಡಿ, ಒಣ ಟವೆಲ್ಲಿನಲ್ಲಿ ಸುರುಳಿ ಸುತ್ತಿ ಅದರ ಮೇಲೆ ನಿಂತರೆ ಅರ್ಧ ನೀರು ಟವೆಲ್ಲಿಗೆ ಹೋಗುತ್ತದೆ, ರಾತ್ರಿ ಫ್ಯಾನಿನ ಕೆಳಗೆ ತೆಳು ಬಟ್ಟೆ ಒಣಗುತ್ತದೆ. ಜೀನ್ಸ್ ಒಣಗುವುದಿಲ್ಲ, ಅದೇ 700 ಗ್ರಾಂ ಬೇರೆ. ಭಾರದ ಬೂಟು, ಜಾಕೆಟ್ ಮೈಮೇಲಿರಲಿ. ತುಂಬುವಾಗ ತೂಕದ ವಸ್ತು ಬೆನ್ನಿಗೆ ಹತ್ತಿರ, ನಡು ಎತ್ತರದಲ್ಲಿ. ಹಗುರವಾದದ್ದು ಹೊರಗೆ ಮತ್ತು ತಳಕ್ಕೆ.

ತಿನಿಸಿಲ್ಲದೆ ನಮ್ಮವರು ಹೊರಡುವುದಿಲ್ಲ, ಹೊರಡಲೂ ಬೇಡ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ದೇಶದೊಳಗೆ ತೊಂದರೆಯಿಲ್ಲದೆ ಹೋಗುತ್ತವೆ. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿಟ್ಟರೆ ಡಬ್ಬಿಯದೇ ಅರ್ಧ ಕಿಲೋ, ಎರಡು ರಟ್ಟಿನ ನಡುವೆ ಬಟ್ಟೆಯಲ್ಲಿ ಕಟ್ಟಿ ಬೆನ್ನಿನ ಕಡೆ ಚಪ್ಪಟೆಯಾಗಿಡಿ. ಮೆಣಸಿನಕಾಯಿಯ ಉಪ್ಪಿನಕಾಯಿಯನ್ನು ಕೈಬ್ಯಾಗಿನಲ್ಲಿ ಬಿಡುವುದಿಲ್ಲ. ಒಣ ಕೊಬ್ಬರಿ ಎಣ್ಣೆಯಂಶದಿಂದಾಗಿ ಬೆಂಕಿ ಹಿಡಿಯುವ ವಸ್ತುಗಳ ಸಾಲಿಗೆ ಸೇರಿದೆ, ಬೇರೆ ಸಾಮಾನಿನೊಂದಿಗೆ ಕೆಳಗೆ ಹಾಕಲೂ ಬಿಡುವುದಿಲ್ಲ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ದ್ರವ ಮತ್ತು ಜೆಲ್ ತಲಾ 100 ಮಿಲಿಲೀಟರ್, ಎಲ್ಲ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲ. ನಮ್ಮ ಕುಂದಾ ಮೆತ್ತಗಿರುವುದರಿಂದ ಅದನ್ನೂ ಆ ಲೆಕ್ಕಕ್ಕೆ ಹಿಡಿಯಬಹುದು, ಅಮೀನಗಡದ ಕರದಂಟಿಗೆ ಆ ಚಿಂತೆಯಿಲ್ಲ. ಅಮೆರಿಕಕ್ಕೆ ಹೋಗುವವರು 350 ಮಿಲಿಲೀಟರಿಗಿಂತ ಹೆಚ್ಚು ಪುಡಿಯನ್ನು ಕೈಬ್ಯಾಗಿನಲ್ಲಿ ಒಯ್ಯಬಾರದು, ಹೆಚ್ಚಿನ ತಪಾಸಣೆಗೆ ನಿಲ್ಲಿಸುತ್ತಾರೆ, ಬಿಡದೆಯೂ ಇರಬಹುದು. ಚಟ್ನಿಪುಡಿಯೂ ಪುಡಿಯೇ.

ಪವರ್ ಬ್ಯಾಂಕ್ 100 ವ್ಯಾಟ್-ಅವರ್ ಒಳಗಿರಬೇಕು. ಅದರ ಮೇಲಿನ ಮಿಲಿಆಂಪಿಯರ್-ಅವರ್ (mAh) ಅಂಕಿಯನ್ನು 3.7ರಿಂದ ಗುಣಿಸಿ 1,000ದಿಂದ ಭಾಗಿಸಿ: 20,000ದ್ದು 74 ವ್ಯಾಟ್-ಅವರ್, ನಡೆಯುತ್ತದೆ. 10,000ದ್ದು ಸಾಕಾಗುತ್ತದೆ, 200 ಗ್ರಾಂ ಉಳಿಯುತ್ತದೆ. ಅಂಕಿ ಅಳಿಸಿಹೋದ ಪವರ್ ಬ್ಯಾಂಕನ್ನು ತಪಾಸಣೆಯಲ್ಲಿ ತೆಗೆದಿಡಿಸಬಹುದು.

ನಿಮ್ಮ ಪತ್ರಿಕೆಯ ಮೂಲಕ ಎರಡು ಮನವಿ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಬ್ಯಾಗ್ ವ್ಯಾಪಾರಿಗಳು 'ಕ್ಯಾಬಿನ್ ಸೈಜ್' ಎಂಬ ಚೀಟಿಯ ಬದಲು ಖಾಲಿ ಬ್ಯಾಗಿನ ತೂಕವನ್ನು ಗ್ರಾಂ ಲೆಕ್ಕದಲ್ಲೂ ತುಂಬಿದ ಬ್ಯಾಗಿನ ಮೂರೂ ಅಳತೆಗಳನ್ನು ಸೆಂಟಿಮೀಟರಿನಲ್ಲೂ ಬರೆದು ತೂಗುಹಾಕಲಿ. ಅಳತೆ ಮುಖ್ಯವಾದ ವಸ್ತುವಿನ ಪೊಟ್ಟಣದ ಮೇಲೆ ಅಳತೆ ಇರಬೇಕೆಂದು 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳೇ ಹೇಳುತ್ತವೆ. ಅಂಗಡಿಯಲ್ಲಿ ಒಂದು ಕೊಕ್ಕೆಕಾಟಾ, ಒಂದು ಟೇಪು ಇಟ್ಟುಕೊಳ್ಳುವುದು ದೊಡ್ಡ ಖರ್ಚಲ್ಲ. ಹಾಗೆಯೇ ಸಾಂಬ್ರಾ ಮತ್ತು ಹುಬ್ಬಳ್ಳಿ ವಿಮಾನ ನಿಲ್ದಾಣಗಳ ಅಧಿಕಾರಿಗಳು ಸಾಲಿನಲ್ಲಿ ನಿಲ್ಲುವ ಮೊದಲೇ ಕಣ್ಣಿಗೆ ಬೀಳುವ ಜಾಗದಲ್ಲಿ ತೂಕದ ಯಂತ್ರವನ್ನೂ ಅಳತೆಯ ಚೌಕಟ್ಟನ್ನೂ ಇಟ್ಟು, ಪಕ್ಕದಲ್ಲಿ ಪ್ರತಿ ಸಂಸ್ಥೆಯ ಮಿತಿಯನ್ನು ಕನ್ನಡದಲ್ಲಿ ಬರೆದ ಫಲಕ ಹಾಕಲಿ. ಬೀಳ್ಕೊಡಲು ಬಂದ ಮನೆಯವರು ಇನ್ನೂ ಅಲ್ಲೇ ಇರುವಾಗ ಹೆಚ್ಚಾದ ಸಾಮಾನನ್ನು ಅವರ ಕೈಗೆ ಕೊಟ್ಟು ಕಳಿಸಲು ಆಗುತ್ತದೆ.

ವಂದನೆಗಳೊಂದಿಗೆ,
ನಿಮ್ಮ ಓದುಗ,
ಟಿಳಕವಾಡಿ, ಬೆಳಗಾವಿ